ತಿಮ್ಮಯ್ಯನವರ ಸರ್ವಿಸ್ ತೋರಿಸಲು ಜೋಜಿಲಾ ಒಂದೇ ಸಾಕಾಯಿತು: ನನ್ನ ಅನುಭವ

ಜನರಲ್ ತಿಮ್ಮಯ್ಯನವರ ಬಗ್ಗೆ ಶಾಲೆಯ ವಸ್ತುಪ್ರದರ್ಶನಕ್ಕೆ ಏನಾದರೂ ಮಾಡಿ ಅಂದರೆ ನಮ್ಮವರು ಹಿಡಿಯುವ ದಾರಿ ಒಂದೇ. ಸಾಲಾಗಿ ಫೋಟೊ, ಕೆಳಗೆ ಇಸವಿ. 1926ರಲ್ಲಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೇನಾ ಅಕಾಡೆಮಿಯಿಂದ ಅಧಿಕಾರಿಯಾಗಿ ಕಮಿಷನ್, ಬರ್ಮಾದಲ್ಲಿ ಡಿಎಸ್‌ಒ ಪದಕ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ಮಕ್ಕಳು ನಿಲ್ಲುವುದೇ ಇಲ್ಲ. ದುಡ್ಡೆಲ್ಲ ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಜೋಜಿಲಾ ಕಣಿವೆಯ ಮಾಡೆಲ್ ಒಂದಕ್ಕೇ ಹಾಕುತ್ತೇನೆ ಅಂದಾಗ ಜೊತೆಗಾರರೇ ತಡೆದರು: “35 ವರ್ಷದ ಸರ್ವಿಸನ್ನು ಒಂದು ಕಣಿವೆಗೆ ಕಟ್ಟಿಹಾಕ್ತೀರಾ?”

ಕಟ್ಟಿಹಾಕಿದೆ. ಆ ಮನುಷ್ಯ ಏನು ಅನ್ನುವುದು ಅಲ್ಲೇ ಇದೆ. ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, 1948ರ ಸೆಪ್ಟೆಂಬರ್‌ನಲ್ಲಿ ನಮ್ಮ ಪದಾತಿದಳದ ದಾಳಿಗಳು ಇಲ್ಲಿ ಸೋತಿದ್ದವು. ಲಡಾಖ್‌ಗೆ ದಾರಿ ಬಂದ್. ಹನ್ನೊಂದು ಸಾವಿರ ಅಡಿ ಮೀರಿದ ಜಾಗಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಎಣಿಸಿರಲಿಲ್ಲ. ತಿಮ್ಮಯ್ಯನವರು 7ನೇ ಲೈಟ್ ಕ್ಯಾವಲ್ರಿ ರೆಜಿಮೆಂಟಿನ ಸ್ಟುವರ್ಟ್ ಟ್ಯಾಂಕುಗಳನ್ನು ಟರೆಟ್ (ಮೇಲಿನ ತಿರುಗುವ ತೋಪಿನ ಗೋಪುರ) ಕಳಚಿ ಗುಟ್ಟಾಗಿ ತರಿಸಿದರು. ನವೆಂಬರ್ 1ರಂದು ಹತ್ತಿಸಿದರು, ತಾವೂ ಮುಂದೆಯೇ ಇದ್ದರು. ಆ ತಿಂಗಳಲ್ಲೇ ದ್ರಾಸ್, ಕಾರ್ಗಿಲ್ ಕೈಗೆ ಬಂದವು. ಕತ್ತೆದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದ್ದು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ನಮ್ಮ ಹಲಸೂರು ಕೆರೆಯ ಪಕ್ಕದಲ್ಲೇ ಇದೆ ಅಂದರೆ ಬೆಂಗಳೂರಿನ ಮಕ್ಕಳ ಕಣ್ಣು ಅರಳುತ್ತದೆ.

ಈಗ ಕೆಲಸದ ವಿಷಯ. ಮೊದಲ ಬೆಟ್ಟ ಥರ್ಮಾಕೋಲ್ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಸಾಗಿಸುವಾಗ ಬಿರುಕು ಬಿಟ್ಟಿತು. ಎರಡನೆಯದಕ್ಕೆ ಕಾಗದದ ಮುದ್ದೆ ಬಳಸಿದೆ. ಮಡಿಕೇರಿ ಮಳೆಗಾಲಕ್ಕೆ ಬೂಸ್ಟು ಹಿಡಿಯಿತು. ಹನ್ನೆರಡು ಸಾವಿರದ ಹತ್ತಿರ ನೀರಿಗೆ ಹೋಯಿತು. ಕೊನೆಗೆ ಇನ್ಸುಲೇಷನ್ ಫೋಮ್ ಶೀಟನ್ನು ಪದರ ಪದರವಾಗಿ ಕೊರೆದಾಗ ನಿಂತಿತು.

ಹಿಮ ಇನ್ನೂ ಸತಾಯಿಸಿತು. ಅಡುಗೆ ಸೋಡಾ ಫೆವಿಕಾಲ್ ಜೊತೆ ತಿಂಗಳಲ್ಲೇ ಹಳದಿ ತಿರುಗಿತು. ಉಪ್ಪು ನೀರೊಡೆಯಿತು. ಗೆದ್ದದ್ದು ಬಿಳಿ ರಂಗೋಲಿ ಪುಡಿ, ಪಂಚೆ ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿದದ್ದು. ಒದ್ದೆ ಹಿಮದ ಹೊಳಪಿಗೆ ಅದರ ಜೊತೆ ಏನು ಬೆರೆಸಿದೆ ಅನ್ನುವುದು ನನ್ನಲ್ಲೇ ಇರಲಿ.

1:35ರ (ಅಸಲಿನ 35ರಲ್ಲೊಂದು ಅಳತೆಯ) ಟ್ಯಾಂಕ್ ಕಿಟ್ ಒಂದಕ್ಕೇ ಮೂರು-ನಾಲ್ಕು ಸಾವಿರ ಬೀಳುತ್ತಿತ್ತು. ಹಾಗಾಗಿ ಮುಂದೆ ಅದೊಂದು, ಹಿಂದೆ ಇನ್ನೂ ಚಿಕ್ಕದಾದ 1:72ರಲ್ಲಿ ನಾನೇ ರೆಸಿನ್ ಎರಕ ಹೊಯ್ದವು. ಎರಡು ಸ್ಕೇಲ್ ಬೆರೆಸಬಾರದು ಅಂತ ಎಲ್ಲರದ್ದೂ ಒಂದೇ ರಾಗ. ಮೇಜನ್ನು ಎತ್ತರಿಸಿ ಕಣಿವೆಯನ್ನು ಆರನೇ ಕ್ಲಾಸಿನ ಮಗುವಿನ ಕಣ್ಣಿನ ಮಟ್ಟಕ್ಕೆ ತಂದೆ. ದಾರಿ ಮೈಲಿಗಟ್ಟಲೆ ಹೋದಂತೆ ಕಾಣುತ್ತದೆ. ಮೇಲಿನಿಂದ ನೋಡುವ ದೊಡ್ಡವರಿಗಷ್ಟೇ ವ್ಯತ್ಯಾಸ ಗೊತ್ತಾಗುವುದು.

ನಡುವೆ ಡಕೋಟಾ ವಿಮಾನದ ಹುಚ್ಚೂ ಹತ್ತಿತ್ತು. 1948ರ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಓಡಿಸಿದ ವಿಮಾನದಲ್ಲಿ ತಿಮ್ಮಯ್ಯನವರು ಲೇಹ್‌ನಲ್ಲಿ ಇಳಿದರಲ್ಲ, ಅದನ್ನು ಗಾಳದ ದಾರಕ್ಕೆ ಕಟ್ಟಿ ಮೋಟರ್‌ನಲ್ಲಿ ಇಳಿಸಲು ನೋಡಿದೆ. ವಿಮಾನ ಗಿರಗಿರನೆ ತಿರುಗುತ್ತಿತ್ತು. ಎರಡು ಸಾವಿರ ಖರ್ಚಾದ ಮೇಲೆ ಕೈಬಿಟ್ಟೆ.

ನಿಜವಾಗಿ ಕೆಲಸ ಮಾಡಿದ್ದು ಮ್ಯಾಗ್ನೆಟ್. ಮಾಡೆಲ್‌ನಲ್ಲಿ ಕಣಿವೆಯ ಬುಡದ ಬಾಲ್ತಾಲ್‌ನಲ್ಲಿ ಟ್ಯಾಂಕ್ ಬೋಳಾಗಿ ನಿಂತಿರುತ್ತದೆ, ಟರೆಟ್ ಪಕ್ಕದಲ್ಲಿ ಟಾರ್ಪಾಲಿನ ಕೆಳಗೆ. ಮಗು ಎತ್ತಿ ಕೂರಿಸಬೇಕು, ಟಕ್ ಅಂತ ಕೂರುತ್ತದೆ. ಕೂರಿಸಿದ ಮಗು “ಆಮೇಲೆ ಇವರು ಏನು ಮಾಡಿದ್ರು ಸರ್?” ಅಂತ ಕೇಳಿಯೇ ಕೇಳುತ್ತದೆ. ಆಗ ಗೋಡೆಯ ಇಸವಿಗಳನ್ನು ತಾನಾಗಿ ಓದುತ್ತದೆ, 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿರುವಾಗಲೇ ತೀರಿಕೊಂಡದ್ದರವರೆಗೂ. ಫೋಟೊ ಸಾಲಿನವರು ಈಗ ಮ್ಯಾಗ್ನೆಟ್ ಎಲ್ಲಿ ಸಿಗುತ್ತದೆ ಅಂತ ಫೋನ್ ಮಾಡುತ್ತಿದ್ದಾರೆ.

ಒಟ್ಟು ಇಪ್ಪತ್ತೆರಡು ಸಾವಿರದ ಆಸುಪಾಸು ಆಗಿರಬೇಕು, ಹಾಳಾದದ್ದು ಬಿಟ್ಟು. ಈಗ 1953ರ ಕೊರಿಯಾ ಹಿಡಿದಿದ್ದೇನೆ. ಊರಿಗೆ ಮರಳಲು ಒಲ್ಲದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ಆಯೋಗಕ್ಕೆ ಇವರೇ ಅಧ್ಯಕ್ಷರು. ಡೇರೆಗಳಿಗೆ ಬಟ್ಟೆ ದಪ್ಪವಾಗುತ್ತಿದೆ. ಟಿಶ್ಯೂ ಪೇಪರ್‌ಗೆ ನೀರು ಬೆರೆಸಿದ ಫೆವಿಕಾಲ್ ಬಳಿದು ನೋಡುತ್ತಿದ್ದೇನೆ.