ಮೂರನೇ ಲೆವೆಲ್‌ಗೇ ಪರ್ಸಿಸ್ಟೆಂಟ್ ಸ್ಪೆಲ್: ಪೂರ್ವಾರ್ಹತೆಗೆ ಡೊಮೇನ್ ದಾರಿ ಹಿಡಿದ ನನ್ನ ಅನುಭವ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ 3.5 ಆವೃತ್ತಿಯಲ್ಲಿ (ಡಿ ಅಂಡ್ ಡಿ 3.5) ಕ್ಯಾರಿಸ್ಮಾ (ವ್ಯಕ್ತಿತ್ವದ ಸೆಳೆತದ ಅಂಕ) 18 ಇಲ್ಲದ ಕ್ಲೆರಿಕ್ (ದೈವಿಕ ಮಂತ್ರಗಳ ಪುರೋಹಿತ) 3ನೇ ಲೆವೆಲ್‌ಗೇ ಡಿವೈನ್ ಮೆಟಾಮ್ಯಾಜಿಕ್‌ನಿಂದ ಪರ್ಸಿಸ್ಟೆಂಟ್ ಸ್ಪೆಲ್ ನಡೆಸಲಾರ ಎಂಬುದು ನಮ್ಮ ಗುಂಪಿನಲ್ಲಿ ಬಹಳ ದಿನಗಳಿಂದ ಯಾರೂ ಪ್ರಶ್ನಿಸದ ಮಾತಾಗಿತ್ತು. ಪರ್ಸಿಸ್ಟೆಂಟ್ ಸ್ಪೆಲ್ ಒಂದು ಮಂತ್ರವನ್ನು 24 ಗಂಟೆ ನಿಲ್ಲಿಸುವ ಫೀಟ್, ಅಂದರೆ ಪಾತ್ರ ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯ; ಅದಕ್ಕೆ ಎಕ್ಸ್‌ಟೆಂಡ್ ಸ್ಪೆಲ್ ಎಂಬ ಫೀಟ್ ಪೂರ್ವಾರ್ಹತೆ. ಅದರಿಂದ ಮಂತ್ರದ ಲೆವೆಲ್ ಏರುತ್ತದೆ; ಡಿವೈನ್ ಮೆಟಾಮ್ಯಾಜಿಕ್ ಆ ಏರಿಕೆಯ ಬೆಲೆಯನ್ನು ಟರ್ನಿಂಗ್‌ನಿಂದ, ಅಂದರೆ ಸತ್ತೂ ಓಡಾಡುವ ಜೀವಿಗಳನ್ನು ಓಡಿಸಲು ಕ್ಲೆರಿಕ್‌ಗೆ ದಿನಕ್ಕೆ ಇಷ್ಟೆಂದು ಸಿಗುವ ಅವಕಾಶಗಳಿಂದ, ತೀರಿಸುತ್ತದೆ. ಕಳೆದ ಕ್ಯಾಂಪೇನ್‌ನಲ್ಲಿ ಕ್ಯಾರಿಸ್ಮಾ 14 ಇಟ್ಟುಕೊಂಡೇ ನಾನು ಅದನ್ನು ನಡೆಸಿದೆ. ಹಾಗಾಗುವ ಮೊದಲು ಒಂದು ಪಾತ್ರವನ್ನು ಪೂರ್ತಿ ಹಾಳುಮಾಡಿಕೊಂಡಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆ ಪಾತ್ರ ಒಬ್ಬ ಎಲ್ಫ್ ಕ್ಲೆರಿಕ್. 1ನೇ ಲೆವೆಲ್‌ಗೆ ಎಕ್ಸ್‌ಟೆಂಡ್ ಸ್ಪೆಲ್, 3ಕ್ಕೆ ಪರ್ಸಿಸ್ಟೆಂಟ್ ಸ್ಪೆಲ್, 6ಕ್ಕೆ ಡಿವೈನ್ ಮೆಟಾಮ್ಯಾಜಿಕ್ ಎಂದು ಎಲ್ಲರೂ ಹೋಗುವ ದಾರಿಯಲ್ಲೇ ಹೋದೆ. 6ನೇ ಲೆವೆಲ್ ಮುಟ್ಟಿದ ದಿನ ಲೆಕ್ಕ ಹಾಕಿದಾಗ ತಪ್ಪು ಗೊತ್ತಾಯಿತು. ಪರ್ಸಿಸ್ಟೆಂಟ್‌ನ 6 ಲೆವೆಲ್ ಏರಿಕೆಗೆ ಒಂದು ಸೇರಿಸಿ 7 ಟರ್ನಿಂಗ್ ಖರ್ಚಾಗಬೇಕು. ಕ್ಯಾರಿಸ್ಮಾ 12 ಇದ್ದ ನನಗೆ ದಿನಕ್ಕೆ ಸಿಗುತ್ತಿದ್ದುದು 4. ಆಗಲೂ 7,500 ಚಿನ್ನದ ನಾಣ್ಯ ಬೆಲೆಯ, ಟರ್ನಿಂಗ್ ಹೆಚ್ಚಿಸುವ ನೈಟ್‌ಸ್ಟಿಕ್ ಒಂದನ್ನು ಕೊಂಡಿದ್ದರೆ 8 ಆಗುತ್ತಿತ್ತು. ಆದರೆ ಆ ಲೆವೆಲ್‌ನ 13,000 ಚಿನ್ನದಲ್ಲಿ +1 ಫುಲ್ ಪ್ಲೇಟ್‌ಗೆ 2,650, ವಿಸ್ಡಮ್ ಹೆಚ್ಚಿಸುವ ಪದಕಕ್ಕೆ 4,000 ಮೊದಲೇ ಸುರಿದಾಗಿತ್ತು. 9ನೇ ಲೆವೆಲ್‌ಗೆ ಎಕ್ಸ್‌ಟ್ರಾ ಟರ್ನಿಂಗ್ ತೆಗೆದುಕೊಳ್ಳುವವರೆಗೆ, ನೆನಪಿರುವಂತೆ ಮೂವತ್ತಕ್ಕೂ ಹೆಚ್ಚು ಸೆಷನ್, ಎರಡು ಫೀಟ್‌ಗಳು ಶೀಟಿನಲ್ಲಿ ಸುಮ್ಮನೆ ಕುಳಿತಿದ್ದವು.

ಎರಡನೆಯ ಸಲ ಪೂರ್ವಾರ್ಹತೆಗಾಗಿ ಫೀಟ್ ಖರ್ಚುಮಾಡಬಾರದೆಂದು ಮೊದಲೇ ನಿರ್ಧರಿಸಿದ್ದೆ. ಕ್ಲೆರಿಕ್ ಆಯ್ದುಕೊಳ್ಳುವ ಡೊಮೇನ್‌ಗಳಲ್ಲಿ (ದೈವಶಕ್ತಿಯ ಕ್ಷೇತ್ರಗಳಲ್ಲಿ) ಪ್ಲಾನಿಂಗ್ ಡೊಮೇನ್ ಎಕ್ಸ್‌ಟೆಂಡ್ ಸ್ಪೆಲ್ ಅನ್ನೂ ಅಂಡೆತ್ ಡೊಮೇನ್ ಎಕ್ಸ್‌ಟ್ರಾ ಟರ್ನಿಂಗ್ ಅನ್ನೂ ಬೋನಸ್ ಫೀಟ್ ಆಗಿ ಕೊಡುತ್ತವೆ. ಇವೆರಡನ್ನೂ ಕೊಡುವ ದೇವರನ್ನು ಹುಡುಕುತ್ತಾ ಕೂರುವ ಬದಲು, ದೇವರಿಲ್ಲದೆ ಒಂದು ಆದರ್ಶವನ್ನು ನಂಬುವ ಕ್ಲೆರಿಕ್ ಆಗಲು ಮೂಲ ನಿಯಮವೇ ಕೊಡುವ ಅವಕಾಶವನ್ನು ಬಳಸಿಕೊಂಡೆ. ಮನುಷ್ಯ ಜಾತಿಗೆ ಒಂದು ಫೀಟ್ ಹೆಚ್ಚು ಸಿಗುವುದರಿಂದ 1ನೇ ಲೆವೆಲ್‌ಗೇ ಪರ್ಸಿಸ್ಟೆಂಟ್ ಸ್ಪೆಲ್ ಜೊತೆಗೆ ಇನ್ನೊಂದು ಎಕ್ಸ್‌ಟ್ರಾ ಟರ್ನಿಂಗ್ ಬಂತು, 3ಕ್ಕೆ ಡಿವೈನ್ ಮೆಟಾಮ್ಯಾಜಿಕ್. ಈ ಎರಡು ಡೊಮೇನ್‌ಗಳು ಒಂದೇ ಆದರ್ಶದಡಿ ಹೇಗೆ ಬರುತ್ತವೆಂದು ವಿವರಿಸಿ ನಾನು ಬರೆದುಕೊಟ್ಟ ಒಂದು ಪುಟದ ಹಿನ್ನೆಲೆಕಥೆಯನ್ನು ಇಲ್ಲಿ ಕೊಡುವುದಿಲ್ಲ. ಮುಂದಿನ ಕ್ಯಾಂಪೇನ್‌ಗೂ ಅದು ನನಗೆ ಬೇಕು.

“ಡೊಮೇನ್ ಕೊಟ್ಟದ್ದು ವರ, ಕಲಿತ ವಿದ್ಯೆಯಲ್ಲ, ಅದರ ಮೇಲೆ ಇನ್ನೊಂದು ಫೀಟ್ ಕಟ್ಟುವಂತಿಲ್ಲ” ಎಂದು ನಮ್ಮ ಡಿಎಂ (ಆಟ ನಡೆಸುವವರು) ತಕರಾರು ತೆಗೆದರು. ಬೋನಸ್ ಫೀಟ್ ಎಂದು ಬರೆದಿರುವಾಗ ಅದೂ ಫೀಟೇ ಎಂಬುದು ನನ್ನ ವಾದ. ಎರಡು ದಿನದ ಮಾತುಕತೆಯ ನಂತರ ಅವರು ಒಪ್ಪಿದರಾದರೂ, ಆದರ್ಶಕ್ಕೆ ದ್ರೋಹ ಬಗೆದರೆ ಡೊಮೇನ್ ಹೋಗುತ್ತದೆ, ಅದರೊಂದಿಗೆ ಮೇಲಿನದೆಲ್ಲವೂ ಕುಸಿಯುತ್ತದೆ ಎಂದು ಎಚ್ಚರಿಸಿದರು. ಪೂರ್ವಾರ್ಹತೆ ಕಳೆದುಕೊಂಡರೆ ಫೀಟ್ ಬಳಸುವಂತಿಲ್ಲ ಎಂಬುದು ಪುಸ್ತಕದಲ್ಲೇ ಇರುವುದರಿಂದ ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

3ನೇ ಲೆವೆಲ್‌ನಲ್ಲಿ ನನ್ನ ಟರ್ನಿಂಗ್ ಮೂಲದ 3, ಕ್ಯಾರಿಸ್ಮಾದ 2, ಎರಡು ಎಕ್ಸ್‌ಟ್ರಾ ಟರ್ನಿಂಗ್‌ಗಳ 4, 4 ಸೇರಿ 13. ದಿನಕ್ಕೆ ಎರಡು ಮಂತ್ರ ನಿಲ್ಲಿಸಲು 14 ಬೇಕು. ಒಂದೇ ಒಂದು ಕಡಿಮೆ! 5ನೇ ಲೆವೆಲ್‌ಗೆ ಕೈಗೆ ಬಂದ 9,000 ಚಿನ್ನದಲ್ಲಿ 4,000 ಕೊಟ್ಟು ಕ್ಯಾರಿಸ್ಮಾ +2ರ ಮೇಲಂಗಿ ಕೊಂಡ ದಿನ ಆ ಕೊರತೆ ತೀರಿತು. ಅಂದಿನಿಂದ ಬೆಳಗಿನ ಪ್ರಾರ್ಥನೆಯ ಬೆನ್ನಿಗೇ ನಿಧಾನವಾಗಿ ಗಾಯ ವಾಸಿಮಾಡುವ ಮಾಸ್ ಲೆಸ್ಸರ್ ವಿಗರ್ ಮಂತ್ರ ಹಾಕಿಬಿಡುತ್ತಿದ್ದೆ. ಆಟದ ಪ್ರತಿ ಸುತ್ತಿಗೂ ಒಂದು ಹಿಟ್ ಪಾಯಿಂಟ್ (ಪ್ರಾಣಬಲದ ಅಂಕ) ಎಂದರೆ ತೀರಾ ಕಡಿಮೆಯೆನಿಸುತ್ತದೆ, ಆದರೆ 24 ಗಂಟೆಗೆ 14,400 ಸುತ್ತುಗಳಿವೆ. ವಾಸಿಮಾಡುವ ವಾಂಡ್‌ಗಳಿಗೆ ಗುಂಪು ಎತ್ತಿಡುತ್ತಿದ್ದ ಹಣ ಪೂರ್ತಿ ಉಳಿಯಿತು. ಹದಿನಾಲ್ಕನ್ನೂ ಬೆಳಿಗ್ಗೆಯೇ ಮುಗಿಸಿದ್ದ ಒಂದು ದಿನ ಸಮಾಧಿಯೊಳಗೆ ವೈಟ್ ಎಂಬ ಸತ್ತೂ ಓಡಾಡುವ ಜೀವಿಗಳು ಮೇಲೆ ಬಿದ್ದಾಗ, ಎಲ್ಲರೂ ಕ್ಲೆರಿಕ್ ಕಡೆ ತಿರುಗಿದರು. ಓಡುವುದನ್ನು ಬಿಟ್ಟು ನನಗೆ ಬೇರೆ ದಾರಿಯಿರಲಿಲ್ಲ.

6ನೇ ಲೆವೆಲ್‌ನ ಫೀಟ್ ಯಾವುದೆಂಬುದನ್ನು ಗುಟ್ಟಾಗಿಯೇ ಇಡುತ್ತೇನೆ. 9ನೆಯದರಲ್ಲಿ ಮಾತ್ರ ಆಸೆ ಹೆಚ್ಚಾಯಿತು. 20ರ ಜೊತೆ 19 ಬಿದ್ದರೂ ಭರ್ಜಿಯ ಪೆಟ್ಟನ್ನು ಮೂರು ಪಟ್ಟು ಮಾಡಬಲ್ಲ ಇಂಪ್ರೂವ್ಡ್ ಕ್ರಿಟಿಕಲ್ ಫೀಟ್‌ಗೆ ಮೂಲ ದಾಳಿ ಬೋನಸ್ +8 ಬೇಕು, ನನ್ನದು +6. ಆದರೆ ಡಿವೈನ್ ಪವರ್ ಎಂಬ ಮಂತ್ರ ಆ ಬೋನಸ್ಸನ್ನು ಲೆವೆಲ್‌ನಷ್ಟೇ ಮಾಡುತ್ತದೆ, ಮತ್ತು ನನ್ನ ಮೇಲೆ ಅದು ದಿನವಿಡೀ ನಿಂತಿರುತ್ತಿತ್ತು. ಹಾಗಾಗಿ ಸಾಲವಾಗಿ ತಂದ +9ರ ಮೇಲೆ ಉದ್ದ ಭರ್ಜಿಗೆ ಆ ಫೀಟ್ ತೆಗೆದುಕೊಂಡೆ. ನಾಲ್ಕೈದು ಸೆಷನ್ ಸೊಗಸಾಗಿ ನಡೆಯಿತು. ಅನಂತರ ಒಬ್ಬ ವೈರಿ ಮಾಂತ್ರಿಕನ ಡಿಸ್ಪೆಲ್ ಮ್ಯಾಜಿಕ್ ಡಿವೈನ್ ಪವರ್ ಅನ್ನು ಕಿತ್ತುಹಾಕಿತು. ಅದೇ ಸುತ್ತಿನಲ್ಲಿ ನನ್ನ ದಾಳ ಉರುಳಿ 19ರಲ್ಲಿ ನಿಂತಿತು. ಮೂರು ಪಟ್ಟು ಪೆಟ್ಟಿನ ಲೆಕ್ಕಕ್ಕೆ ನಾನು ಪೆನ್ಸಿಲ್ ಎತ್ತಿದ್ದೆ. ಡಿಎಂ ಏನೂ ಹೇಳದೆ ನನ್ನ ಶೀಟಿನ ದಾಳಿ ಬೋನಸ್ ಮೇಲೆ ಬೆರಳಿಟ್ಟು ತೋರಿಸಿದರು.

ಇದೇ ಅವಧಿಯಲ್ಲಿ ಬಿಡಿ ಆಟಗಳಲ್ಲಿ ಪ್ರಿಕೋಶಸ್ ಅಪ್ರೆಂಟಿಸ್ ಎಂಬ ಫೀಟಿನ ಪ್ರಯೋಗವನ್ನೂ ಮಾಡಿದೆ. ವಿಜರ್ಡ್ 1, ಕ್ಲೆರಿಕ್ 3 ಆದೊಡನೆ, 2ನೇ ಹಂತದ ಒಂದೇ ಮಂತ್ರದ ಬಲದಿಂದ ಎರಡೂ ಬಗೆಯ ಮಂತ್ರ ಬಳಸುವ ಮಿಸ್ಟಿಕ್ ಥಿಯರ್ಜ್ ವರ್ಗಕ್ಕೆ ಎರಡು ಲೆವೆಲ್ ಮೊದಲೇ ಸೇರುವ ಯುಕ್ತಿ ಅದು. ವಿಜರ್ಡ್ 1 ಇದ್ದಾಗ ಇಪ್ಪತ್ತು ಮುಖದ ದಾಳದಲ್ಲಿ 7 ಅಥವಾ ಹೆಚ್ಚು ಬೀಳದಿದ್ದರೆ ಆ ಮಂತ್ರ ವ್ಯರ್ಥ, ಅಂದರೆ ಹತ್ತರಲ್ಲಿ ಮೂರು ಸಲ ಕೈಕೊಡುತ್ತದೆ. ಪೂರ್ವಾರ್ಹತೆ ತುಂಬಲು ಅಷ್ಟು ಸಾಕೆಂದು ಒಬ್ಬ ಡಿಎಂ ಒಪ್ಪಿದರು, ಇನ್ನೊಬ್ಬರು ಖಡಾಖಂಡಿತವಾಗಿ ನಿರಾಕರಿಸಿದರು. ನನಗೂ ಅದು ಅಷ್ಟು ರುಚಿಸಲಿಲ್ಲ.

ಕ್ಲೆರಿಕ್‌ನ ಇಂಪ್ರೂವ್ಡ್ ಕ್ರಿಟಿಕಲ್ ಅನ್ನು ನಾನು ಬದಲಾಯಿಸಲಿಲ್ಲ. 11ನೇ ಲೆವೆಲ್‌ಗೆ ದಾಳಿ ಬೋನಸ್ ತಾನಾಗಿಯೇ +8 ಆಯಿತು, ಸಾಲ ತೀರಿತು. ಡಿವೈನ್ ಪವರ್ ಇಲ್ಲದ ದಿನವೂ ಭರ್ಜಿಯ 19 ಈಗ ನನ್ನದೇ.