ಅಗ್ರಹಾರದ ನಮ್ಮ ತೊಟ್ಟಿ ಮನೆ ಮಾರಿದ್ದು: ನನ್ನ ಅನುಭವ

ಮೈಸೂರಿನ ಅಗ್ರಹಾರದಲ್ಲಿ, ವಾಣಿ ವಿಲಾಸ ಮಾರ್ಕೆಟ್‌ಗೆ ನಡ್ಕೊಂಡು ಹೋದ್ರೆ ಐದೇ ನಿಮಿಷ, ನಮ್ಮ ತಾತನ ಕಾಲದ ತೊಟ್ಟಿ ಮನೆ ಇತ್ತು, 2025ರಲ್ಲಿ ಮಾರಿದ್ವಿ. ಮೊದ್ಲು ಬಂದ ಬ್ರೋಕರ್‌ಗಳೆಲ್ಲ ಜಗಲಿ ಮೇಲೇ ನಿಂತು ಚದರಡಿ ಲೆಕ್ಕ ಹಾಕಿದ್ರು, ಒಬ್ರಂತೂ ಒಳಗೇ ಬರ್ಲಿಲ್ಲ, "ಸಾರ್, ಇದು ಸೈಟ್ ರೇಟಿಗೆ ಹೋಗುತ್ತೆ, ಒಡೆಯೋ ಖರ್ಚು ಕಳ್ದು ಕೊಡ್ತೀವಿ" ಅಂದ್ರು. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ. ಆಮೇಲೆ ಅಕ್ಕಂದಿರಿಬ್ರೂ ನಾನೂ ಕೂತು ಮಾತಾಡಿ, ಸ್ವಲ್ಪ ಕಮ್ಮಿ ಬಂದ್ರೂ ಪರ್ವಾಗಿಲ್ಲ ವಾಸ ಮಾಡೋರಿಗೇ ಕೊಡೋಣ ಅಂತ ತೀರ್ಮಾನ ಮಾಡಿದ್ವಿ. ಅದಕ್ಕೆ 11 ತಿಂಗಳು ಹಿಡೀತು.

ಅರ್ಧ ಸಮಯ ಪತ್ರಗಳಿಗೇ ಹೋಯ್ತು. ಅಪ್ಪನ ಪಾಲಿಗೆ ಮನೆ ಬಂದ ಪಾಲುಪಟ್ಟಿ 1968ರದ್ದು, ಪಾಲಿಕೆಯ ಆಸ್ತಿ ದಾಖಲೆ, ಅಂದ್ರೆ ಖಾತೆ, ಮಾತ್ರ ಇನ್ನೂ ತಾತನ ಹೆಸರಲ್ಲೇ ಇತ್ತು. ಡೆತ್ ಸರ್ಟಿಫಿಕೇಟು, ವಂಶವೃಕ್ಷ ಎಲ್ಲ ಕೊಟ್ಟು ಮೂರೂ ಜನರ ಹೆಸರಿಗೆ ಖಾತೆ ಮಾಡಿಸ್ಕೊಂಡು, ಆಮೇಲೆ ಅದರದ್ದೇ ಡಿಜಿಟಲ್ ರೂಪ ಇ-ಖಾತೆ, ಯಾಕಂದ್ರೆ 2024ರ ಅಕ್ಟೋಬರ್‌ನಿಂದ ಅದಿಲ್ದೆ ರಿಜಿಸ್ಟ್ರೇಷನ್ ಆಗಲ್ಲ. ಇ.ಸಿ. (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸೋ ಋಣಭಾರ ಪತ್ರ) 2004ರ ಏಪ್ರಿಲ್‌ನಿಂದೀಚೆಗಿನದು ಕಾವೇರಿ ಪೋರ್ಟಲ್‌ನಲ್ಲೇ ಸಿಕ್ತು, ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಅಲೆದೆ. ನೆಂಟರೊಬ್ರು ಅಕ್ಕಂದಿರ ಹತ್ರ ಹಕ್ಕು ಬಿಡುಗಡೆ ಪತ್ರ ಬರೆಸ್ಕೊಂಡ್ಬಿಡು ಅಂದ್ರು, ನಂಗೆ ಸರಿ ಅನ್ನಿಸ್ಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಹೆಣ್ಮಕ್ಕಳಿಗೂ ಸಮಪಾಲು ಇದೆ, ಅಲ್ದೆ ಆ ಮನೆ ನೆಲ ಸಾರಿಸಿದ ಕೈಗಳು ಅವ್ರದ್ದೇ. ಮೂರೂ ಜನ ಮಾರಾಟಗಾರರಾಗೇ ಸಹಿ ಹಾಕಿದ್ವಿ.

ಈಗ ಗೋಡೆ ವಿಷ್ಯ. ಇದನ್ನ ಹಳೇ ಮನೆ ಮಾರೋರು ಮೊದ್ಲೇ ನೋಡ್ಕೊಳ್ಳಿ. ನಮ್ದು ಪಕ್ಕದ್ಮನೆದು ಎರಡಕ್ಕೂ ಸೇರಿ ಒಂದೇ ಗೋಡೆ, ಅವರ ತೊಲೆಗಳ ತುದಿ ನಮ್ಮ ಗೋಡೆ ಒಳಗೆ ಕೂತಿವೆ. ಖಾತೆಲಿ 30 ಅಡಿ ಅಗಲ ಅಂತಿತ್ತು, ಟೇಪ್ ಹಿಡಿದ್ರೆ 29ಕ್ಕೂ ಸ್ವಲ್ಪ ಕಮ್ಮಿ, ಗೋಡೆ ದಪ್ಪದಲ್ಲೇ ವ್ಯತ್ಯಾಸ ಇತ್ತು. ಪಕ್ಕದ್ಮನೆ ಯಜಮಾನ್ರನ್ನ ಕರ್ದು, ಅವರ ಎದುರಿಗೇ ಅಳತೆ ಮಾಡಿಸಿ, ಜಂಟಿ ಗೋಡೆ ಅಂತ ಕ್ರಯಪತ್ರದ ಚೆಕ್ಕುಬಂದಿಲೇ (ನಾಲ್ಕೂ ದಿಕ್ಕಿನ ಗಡಿ ವಿವರದಲ್ಲೇ) ಬರೆಸಿದ್ವಿ. ಯಾರಾದ್ರೂ ನಮ್ಮ ಮನೆ ಒಡೆದಿದ್ರೆ ಅವರ ಸೂರೂ ಕೂತ್ಕೊಳ್ತಿತ್ತು, ಆ ಹೆದರಿಕೆ ಅವರಿಗೆ ಎಷ್ಟು ದಿನದಿಂದ ಇತ್ತೋ, ಅಳತೆ ಮುಗಿದ್ಮೇಲೆ ನನ್ನ ಕೈ ಹಿಡ್ಕೊಂಡ್ರು.

ಇನ್ನೊಂದು ಗೋಡೆದು ನನ್ನದೇ ತಪ್ಪು. ನಡುಮನೆ ಗೋಡೆ ಗಾರೆ ಉದುರ್ತಿತ್ತು ಅಂತ 2009ರಲ್ಲಿ ಸಿಮೆಂಟ್ ಪ್ಲಾಸ್ಟರ್ ಮಾಡಿಸ್ಬಿಟ್ಟಿದ್ದೆ. ಪಾಯದಿಂದ ಗೋಡೆ ಎಳ್ಕೊಳ್ಳೋ ತೇವ ಸುಣ್ಣದ ಗಾರೆ ಇದ್ರೆ ಆವಿಯಾಗಿ ಹೋಗುತ್ತೆ, ಸಿಮೆಂಟು ಅದನ್ನ ಒಳಗೇ ತಡೆಯುತ್ತೆ. ಹೊಡೆಸಿ ನೋಡಿದ್ರೆ ಒಳಗಿನ ಇಟ್ಟಿಗೆ ಉಗುರಲ್ಲಿ ಕೆರೆದ್ರೆ ಪುಡಿ ಪುಡಿ, ಹೊಟ್ಟೆ ಉರೀತು. ವಯಸ್ಸಾದ ಗಾರೆ ಮೇಸ್ತ್ರಿ ಒಬ್ರು ಸಿಕ್ಕಿದ್ರು ಪುಣ್ಯಕ್ಕೆ. ಸುಣ್ಣ ಮೂರು ವಾರ ನೆನೆಸಿ, ಬೆಲ್ಲ ಅಳಲೆಕಾಯಿ ಕೊಳೆಸಿದ ನೀರು ಹಾಕಿ ಕಲಸಿ, ತೆಳ್ಳಗೆ ಮೂರು ಸಲ ಬಳಿದ್ರು, ಬೇಗ ಒಣಗ್ಬಾರ್ದು ಅಂತ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ರು. ಮನೆಯೆಲ್ಲ ಆಲೆಮನೆ ತರ ವಾಸ್ನೆ.

ಜಾಹೀರಾತಲ್ಲಿ ಮೊದಲ್ನೇ ಸಾಲೇ ಕಾರ್ ನಿಲ್ಸೋಕೆ ಜಾಗ ಇಲ್ಲ, ಬೆಳಿಗ್ಗೆ ಮಾರ್ಕೆಟ್ ಸದ್ದಿರುತ್ತೆ ಅಂತ ಬರೆದೆ. ಫೋನ್ ಕಮ್ಮಿ ಬಂದ್ವು, ಆದ್ರೆ ಬಂದೋರು ಒಳಗೆ ಬಂದು ಕೂತು ನೋಡಿದ್ರು. ಕೊನೆಗೆ ತಗೊಂಡ ದಂಪತಿ ಬಂದಿದ್ದು ಮೇ ತಿಂಗಳ ಜೋರು ಮಳೆಲಿ. ನಾಲ್ಕೂ ಕಡೆ ಮಾಡಿಂದ ನೀರು ತೊಟ್ಟಿಗೆ ಸುರೀತಿತ್ತು, ಆಯಮ್ಮ ಕಂಬಕ್ಕೊರಗಿ ಅರ್ಧ ಗಂಟೆ ಮಾತೇ ಆಡ್ಲಿಲ್ಲ. ಅವರ ಯಜಮಾನ್ರು ಟಾರ್ಚ್ ಹಿಡ್ಕೊಂಡು ಜಂತೆಗೆ ಗೆದ್ದಲು ಹಿಡಿದಿದ್ಯಾ ಅಂತ ನೋಡ್ತಿದ್ರು, ಒಂದು ಕಡೆ ಹಿಡಿದಿತ್ತು, ನಾನೇ ಕರ್ಕೊಂಡೋಗಿ ತೋರಿಸ್ದೆ.

ಬ್ಯಾಂಕಿಂದ ಬಂದ ವ್ಯಾಲ್ಯುಯರ್ ಕಟ್ಟಡಕ್ಕೆ ಬೆಲೆನೇ ಕಟ್ಲಿಲ್ಲ, ಹಾಗಾಗಿ ಅವರಿಗೆ ಸಾಲ ಕಮ್ಮಿ ಸಿಕ್ತು, ನಾವು ನಾಲ್ಕು ತಿಂಗಳು ಕಾದ್ವಿ. ಟ್ಯಾಕ್ಸ್‌ಗೆ ಲಾಭ ಲೆಕ್ಕ ಹಾಕುವಾಗ ಇಂಥ ಹಳೇ ಮನೆಗೆ ಕೊಂಡ ಬೆಲೆ ಬದ್ಲು 2001ರ ಏಪ್ರಿಲ್ 1ರ ಬೆಲೆ ತಗೋಬಹುದು, ಆದ್ರೆ ಅವತ್ತಿನ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡಿದ ಬೆಲೆ) ಮೀರೋ ಹಾಗಿಲ್ಲ, ಅದನ್ನ ಮೊದ್ಲೇ ತೆಗೆಸಿಟ್ಕೊಳ್ಳಿ. ಒಬ್ಬೊಬ್ಬರ ಪಾಲು 50 ಲಕ್ಷದೊಳಗಿದ್ರೂ ಒಟ್ಟು ಬೆಲೆ ದಾಟಿದ್ರೆ ಕೊಳ್ಳೋರು 1% ಟಿಡಿಎಸ್ (ದುಡ್ಡು ಕೊಡುವಾಗ್ಲೇ ಮುರ್ಕೊಂಡು ಸರ್ಕಾರಕ್ಕೆ ಕಟ್ಟೋ ತೆರಿಗೆ) ಹಿಡೀಲೇಬೇಕು, 2024ರ ಅಕ್ಟೋಬರ್‌ನಿಂದ ಹಾಗಿದೆ.

ಬೀಗದ ಕೈ ಕೊಟ್ಟ ದಿನ ತೊಟ್ಟಿ ಮೂಲೆಲಿರೋ ಮೋರಿ ಕಲ್ಲು ಎತ್ತಿ ತೋರಿಸ್ದೆ, ಮಳೆಗಾಲಕ್ಕೆ ಮುಂಚೆ ಇದನ್ನ ಕ್ಲೀನ್ ಮಾಡಿಸ್ಲೇಬೇಕಮ್ಮ, ಇಲ್ಲಾಂದ್ರೆ ನೀರು ನಡುಮನೆಗೆ ಬರುತ್ತೆ ಅಂದೆ. ಆಯಮ್ಮ ಆಗ್ಲೇ ಸೆರಗು ಸಿಕ್ಕಿಸ್ಕೊಂಡು ಕೂತು, ಕೈ ಹಾಕಿ ಕಸ ಎಲ್ಲ ತೆಗ್ದು, ಒಂದು ಬಿಂದಿಗೆ ನೀರು ಹುಯ್ದು ನೋಡಿದ್ರು. ಸರಾಗವಾಗಿ ಹೋಯ್ತು.