ಕಾರಿಗೆ ಬದಲಿ ಎಂಜಿನ್: ಎಲ್ಲಿಂದ ತರಬೇಕು, ಏನೇನು ಕೇಳಬೇಕು?

ಮಳೆಗಾಲದಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನಿಂತ ನೀರಿಗೆ ಕಾರು ಇಳಿಸಿ, ಅದು ಬಂದ್ ಬಿದ್ದ ಮೇಲೆ ಮತ್ತೆ ಮತ್ತೆ ಸೆಲ್ಫ್ ಹೊಡೆದು ಎಂಜಿನ್ ಕಳೆದುಕೊಂಡವರು ನಮ್ಮೂರಲ್ಲಿ ಕಡಿಮೆಯಿಲ್ಲ. 2020ರ ಸೆಪ್ಟೆಂಬರ್‌ನ ನೆರೆಯಲ್ಲಿ ಉಡುಪಿಯ ಕಲ್ಸಂಕದ ಸುತ್ತಮುತ್ತ ಮುಳುಗಿದ ಗಾಡಿಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇಸಗೆಯಲ್ಲಿ ಹಾಳಾಗುವುದು ಬೇರೆ ರೀತಿ: ರೇಡಿಯೇಟರ್ ನೀರು ಸೋರುತ್ತಿರುವುದು ಗೊತ್ತಾಗದೆ ಶಿರಾಡಿ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಹತ್ತಿಸಿದಾಗ ಎಂಜಿನ್ ಕಾದು ಹೆಡ್ (ಎಂಜಿನ್‌ನ ಮೇಲ್ಭಾಗ) ಸೊಟ್ಟಗಾಗುತ್ತದೆ. ಎರಡರ ಕೊನೆಗೂ ಮೆಕ್ಯಾನಿಕ್ ಹೇಳುವ ಮಾತು ಒಂದೇ: “ಎಂಜಿನ್ ಹೋಗಿದೆ, ಬೇರೆ ಹಾಕಿಬಿಡುವ.”

ಆ ‘ಬೇರೆ’ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ನಿಮ್ಮ ದುಡ್ಡು ಮಾತ್ರವಲ್ಲ, ಗಾಡಿಯ ದಾಖಲೆ ಮತ್ತು ವಿಮೆ ಕೂಡ ನಿಂತಿವೆ. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ.

ಮೊದಲು: ನಿಜವಾಗಿ ಬದಲಿಸಬೇಕೇ?

ಕನೆಕ್ಟಿಂಗ್ ರಾಡ್ ಮುರಿದು ಎಂಜಿನ್‌ನ ಮುಖ್ಯ ಮೈಯಾದ ಬ್ಲಾಕನ್ನೇ ಒಡೆದಿದ್ದರೆ ಚರ್ಚೆಯಿಲ್ಲ. ಬರೀ ಹೆಡ್ ಸೊಟ್ಟಗಾಗಿದ್ದರೆ ಅದನ್ನು ಮೆಷಿನಿಂಗ್ ಮಾಡಿ ಸರಿಪಡಿಸಬಹುದು. ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್‌ನ ಒಳಗೋಡೆ) ಸವೆದಿದ್ದರೆ ಅದನ್ನು ಕೊರೆದು ರಿಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿದರೆ ನಿಮ್ಮದೇ ಎಂಜಿನ್ ಇನ್ನಷ್ಟು ವರ್ಷ ಓಡುತ್ತದೆ. ಎಂಜಿನ್ ನಂಬರೂ ಬದಲಾಗುವುದಿಲ್ಲ, ಆರ್‌ಟಿಒ ಓಡಾಟವೂ ಇಲ್ಲ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್‌ನ ಅಂಕಿಗಳನ್ನು ಕೇಳಿ ಬರೆಸಿಕೊಳ್ಳಿ, ಇನ್ನೊಂದು ಗ್ಯಾರೇಜಿನವರಿಗೂ ತೋರಿಸಿ. ಸ್ವಂತ ಎಂಜಿನ್ ಕಟ್ಟಿಸಲು ಆಗುವಂತಿದ್ದರೆ ನನ್ನ ಮತ ಯಾವಾಗಲೂ ಅದಕ್ಕೇ.

ನೀರು ಹೊಕ್ಕು ಹಾಳಾದದ್ದಾದರೆ ವಿಮೆ ಪಾಲಿಸಿಯನ್ನು ತೆಗೆದು ನೋಡಿ. ಮಾಮೂಲಿ ಪಾಲಿಸಿ ಈ ನಷ್ಟವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವಚ ಇದ್ದವರಿಗೆ ಸಿಗುತ್ತದೆ. ಅದಿದ್ದರೆ ವಿಮಾ ಕಂಪನಿಯ ಸರ್ವೇಯರ್ ಬಂದು ನೋಡುವವರೆಗೆ ಎಂಜಿನ್ ಬಿಚ್ಚಲು ಬಿಡಬೇಡಿ.

ನಿಮಗೆ ಬೇಕಾದದ್ದು ಯಾವ ಎಂಜಿನ್?

‘ಸ್ವಿಫ್ಟ್ ಡೀಸೆಲ್ ಎಂಜಿನ್ ಉಂಟಾ’ ಎಂದು ಕೇಳಿದರೆ ಸಾಲದು. ಫಿಯಟ್ ವಿನ್ಯಾಸದ 1,248 ಸಿಸಿ ಮಲ್ಟಿಜೆಟ್ ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಸೈರ್, ಎರ್ಟಿಗಾ, ಸಿಯಾಜ್, ಇಂಡಿಕಾ ವಿಸ್ಟಾ, ಪುಂಟೊ ಹೀಗೆ ಹತ್ತಾರು ಗಾಡಿಗಳಲ್ಲಿ ಬಂದಿದೆ. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು. ಆದರೆ ಸ್ವಿಫ್ಟ್‌ನಲ್ಲಿರುವುದು ಸಾದಾ ಟರ್ಬೊ, ಸುಮಾರು 75 ಪಿಎಸ್. ಎರ್ಟಿಗಾ, ಸಿಯಾಜ್‌ನದ್ದು ವೇರಿಯಬಲ್ ಜ್ಯಾಮಿಟ್ರಿ ಟರ್ಬೊ, 90 ಪಿಎಸ್. ಇದರ ಜಾಗಕ್ಕೆ ಅದನ್ನು ಕೂರಿಸಿದರೆ ಇಸಿಯುಗೂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಟರ್ಬೊಗೂ ಹೊಂದಾಣಿಕೆ ಆಗುವುದಿಲ್ಲ, ವಾರ್ನಿಂಗ್ ಲೈಟ್ ಆರುವುದೂ ಇಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ಮಾನದಂಡ) ಬಂದ ಮೇಲಂತೂ ಸೆನ್ಸರ್, ಇಂಜೆಕ್ಟರ್, ಸೈಲೆನ್ಸರ್ ಎಲ್ಲ ಬೇರೆಯೇ. ಬಿಎಸ್6 ಗಾಡಿಗೆ ಬಿಎಸ್4 ಎಂಜಿನ್ ಹಾಕುವ ಯೋಚನೆಯನ್ನೇ ಬಿಡಿ.

ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್, ತಯಾರಾದ ತಿಂಗಳು, ಬಿಎಸ್ ದರ್ಜೆ – ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎಂಜಿನ್ ನಂಬರಿನ ಮೊದಲ ಕೆಲವು ಅಕ್ಷರಗಳು ಅದರ ಮಾದರಿ ಹೇಳುತ್ತವೆ. ಮಾರುತಿಯ ಈ ಡೀಸೆಲ್‌ಗೆ ‘ಡಿ13ಎ’. ಪೂರ್ತಿ ಎಂಜಿನ್ ಬೇಕೋ, ಹೆಡ್ ಇಲ್ಲದ ಹಾಫ್ ಎಂಜಿನ್ ಸಾಕೋ ಎಂಬುದನ್ನೂ ಮೆಕ್ಯಾನಿಕ್ ಬಳಿ ಮೊದಲೇ ತೀರ್ಮಾನಿಸಿ.

ಎಲ್ಲೆಲ್ಲಿ ಸಿಗುತ್ತದೆ?

ಕಂಪನಿಯ ಅಧಿಕೃತ ಡೀಲರ್ ಮೂಲಕ ತರಿಸುವುದು ನಿಶ್ಚಿಂತೆ, ಆದರೆ ದುಬಾರಿ. ಹಳೆ ಗಾಡಿಯಾದರೆ ಎಂಜಿನ್ ಬೆಲೆಯೇ ಗಾಡಿಯ ಬೆಲೆಯ ಹತ್ತಿರ ಬಂದುಬಿಡುತ್ತದೆ. ಹಾಫ್ ಎಂಜಿನ್ ಬೆಲೆಯನ್ನಾದರೂ ವಿಚಾರಿಸಿ. ಎಷ್ಟೋ ಜನ ಕೇಳುವುದೇ ಇಲ್ಲ.

ಎರಡನೆಯದು, ಹಳೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಕೊಡುವವರು. ಇಲ್ಲಿ ನೋಡಬೇಕಾದದ್ದು ಬಿಲ್ಲಿನ ಒಳಗನ್ನು. ಯಾವ ಕಂಪನಿಯ ಪಿಸ್ಟನ್, ಯಾವ ಸೈಜಿನ ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಎಲ್ಲಿ ಆಯಿತು ಎಂದು ಹೇಳಬಲ್ಲವರು ಕೆಲಸ ಮಾಡಿದವರು. ‘ಎಲ್ಲ ಹೊಸತು ಹಾಕಿದ್ದೇವೆ’ ಎಂದಷ್ಟೇ ಹೇಳುವವರು ಬಹುಶಃ ತೊಳೆದು ಪೇಂಟ್ ಹೊಡೆದವರು.

ಮೂರನೆಯದು ಗುಜರಿ. ಮಂಗಳೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆವರೆಗೂ ಫೋನ್ ಹೋಗುತ್ತದೆ. ಗುಜರಿ ಎಂದಾಕ್ಷಣ ಮೂಗು ಮುರಿಯಬೇಕಿಲ್ಲ. ಅಪಘಾತದಲ್ಲಿ ಜಖಂಗೊಂಡ ಗಾಡಿಯ ರಿಪೇರಿ ಖರ್ಚು ವಿಮಾ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿ ಅದನ್ನು ‘ಟೋಟಲ್ ಲಾಸ್’ ಎಂದು ಪರಿಗಣಿಸುತ್ತದೆ. ಅಂಥ ಗಾಡಿಗಳು ಹರಾಜಾಗಿ ಗುಜರಿಗೆ ಬರುತ್ತವೆ, ಅವುಗಳಲ್ಲಿ ಚೆನ್ನಾಗಿರುವ ಎಂಜಿನ್‌ಗಳು ಇರುತ್ತವೆ. ಆದರೆ ಕದ್ದ ಗಾಡಿಗಳೂ ಇದೇ ದಾರಿಯಲ್ಲಿ ಮಾಯವಾಗುತ್ತವೆ. ಕದ್ದ ವಾಹನಗಳ ಬಿಡಿಭಾಗಕ್ಕೆ ಕುಖ್ಯಾತವಾಗಿದ್ದ ಉತ್ತರ ಪ್ರದೇಶದ ಮೀರತ್‌ನ ಸೋತಿಗಂಜ್ ಮಾರುಕಟ್ಟೆಯನ್ನು ಪೊಲೀಸರು 2021ರ ಡಿಸೆಂಬರ್‌ನಲ್ಲಿ ಮುಚ್ಚಿಸಿದ್ದು ಈ ಕಾರಣಕ್ಕೇ.

‘ಇದು ಯಾವ ಗಾಡಿದ್ದು?’

ಇಡೀ ವ್ಯವಹಾರದಲ್ಲಿ ನೀವು ಒಂದೇ ಪ್ರಶ್ನೆ ಕೇಳುವುದಾದರೆ ಇದನ್ನೇ ಕೇಳಿ. ಮಾತು ಹೆಚ್ಚುಕಡಿಮೆ ಹೀಗೆ ನಡೆಯುತ್ತದೆ:

“ಅಣ್ಣ, ಇದು ಯಾವ ಗಾಡಿದ್ದು?”

“ಡಿಸೈರ್‌ದ್ದು ಮಾರಾಯ್ರೆ. ಅರವತ್ತು ಸಾವಿರ ಓಡಿದ್ದಷ್ಟೇ.”

“ಗಾಡಿ ನಂಬರ್ ಎಷ್ಟು?”

ಇಲ್ಲಿ ಉತ್ತರ ಬಂದರೆ ಮುಂದುವರಿಯಿರಿ. ‘ಅದೆಲ್ಲ ಎಂತಕ್ಕೆ, ಸ್ಟಾರ್ಟ್ ಮಾಡಿ ತೋರಿಸ್ತೇನೆ’ ಎಂದರೆ ನಮಸ್ಕಾರ ಹೇಳಿ ಹೊರಡಿ. ಎಂಜಿನ್ ಎಷ್ಟು ಚೆನ್ನಾಗಿ ಕಂಡರೂ, ಬೆಲೆ ಎಷ್ಟು ಇಳಿದರೂ ಹೊರಡಿ.

ಯಾಕೆ ಅಂದರೆ ಕಿಲೋಮೀಟರ್ ಇರುವುದು ಮೀಟರ್ ಬೋರ್ಡಿನಲ್ಲಿ, ಎಂಜಿನ್ ಮೇಲೆ ಅಲ್ಲ. ಗಾಡಿ ಇಲ್ಲದೆ ಅರವತ್ತು ಸಾವಿರ ಎನ್ನುವುದು ಬರೀ ಬಾಯಿಮಾತು. ಗಾಡಿ ನಂಬರ್ ಸಿಕ್ಕಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿಯಾದ ದಿನಾಂಕ, ಇಂಧನ, ಬಿಎಸ್ ದರ್ಜೆ ಕಾಣುತ್ತದೆ. ವಾಹನದ ವರ್ಗ ‘ಮೋಟಾರ್ ಕ್ಯಾಬ್’ ಎಂದಿದ್ದರೆ ಅದು ಟ್ಯಾಕ್ಸಿ. ಹೆದ್ದಾರಿ 66ರಲ್ಲಿ ದಿನವಿಡೀ ಓಡಿದ ಹಳದಿ ಬೋರ್ಡಿನ ಗಾಡಿ ಅರವತ್ತು ಸಾವಿರಕ್ಕೆ ನಿಂತಿರುವ ಸಂಭವ ಕಡಿಮೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ‘ವಾಹನ್ ಸಮನ್ವಯ’ದಲ್ಲಿ ನೋಂದಣಿ, ಎಂಜಿನ್, ಚಾಸಿ ನಂಬರ್ ಕೊಟ್ಟು, ಆ ಗಾಡಿ ಕಳವಾದದ್ದೆಂದು ಪೊಲೀಸ್ ದಾಖಲೆಯಲ್ಲಿ ಇದೆಯೇ ಎಂದು ನೋಡಬಹುದು. ಆ ಫಲಿತಾಂಶವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಕದ್ದ ಮಾಲೆಂದು ತಿಳಿದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಅಪರಾಧ.

ಗಾಡಿ ಹೇಗೆ ಹಾಳಾಯಿತು ಎಂಬುದನ್ನೂ ಕೇಳಿ. ಹಿಂದಿನಿಂದ ಗುದ್ದಿಸಿಕೊಂಡ ಗಾಡಿಯ ಎಂಜಿನ್ ಎಲ್ಲಕ್ಕಿಂತ ಒಳ್ಳೆಯದು. ಮುಂದಿನಿಂದ ಗುದ್ದಿದ್ದರೆ ಬ್ಲಾಕಿನ ಕಿವಿಗಳು, ಮೌಂಟಿಂಗ್ ಜಾಗ, ಕ್ರ್ಯಾಂಕ್ ಪುಲ್ಲಿ ನೋಡಬೇಕು. ಪಲ್ಟಿಯಾದ ಗಾಡಿಯಲ್ಲಿ ಎಂಜಿನ್ ತಲೆಕೆಳಗಾಗಿ ಆಯಿಲ್ ಇಲ್ಲದೆ ಓಡಿರಬಹುದು. ನೆರೆಯಲ್ಲಿ ಮುಳುಗಿದ್ದೋ, ಬೇಡವೇ ಬೇಡ.

ಕೈಯಿಂದ ಮುಟ್ಟಿ ನೋಡುವುದು

ನಿಮ್ಮ ಮೆಕ್ಯಾನಿಕನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಅರ್ಧ ದಿನದ ಕೂಲಿಯನ್ನು ನೀವೇ ಕೊಡಿ. ಮಾರುವವರಿಂದ ಅವರಿಗೆ ಕಮಿಷನ್ ಇಲ್ಲ ಎಂಬುದು ಆಗ ಇಬ್ಬರಿಗೂ ಸ್ಪಷ್ಟ.

ಮೊದಲು ಬ್ಲಾಕಿನ ಮೇಲಿನ ಎಂಜಿನ್ ನಂಬರ್. ಮಣ್ಣು, ಗ್ರೀಸ್ ಒರೆಸಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅಕ್ಷರಗಳ ಆಳ, ಅಂತರ ಒಂದೇ ಸಮ ಇರಬೇಕು. ಸುತ್ತ ಗ್ರೈಂಡರ್ ಉಜ್ಜಿದ ಗೀರು, ನಂಬರಿನ ಜಾಗದಲ್ಲಿ ಮಾತ್ರ ಹೊಳಪು ಕಂಡರೆ ಅಲ್ಲಿಗೇ ನಿಲ್ಲಿಸಿ.

ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಭಾಗ ನೋಡಿ. ಕಪ್ಪು ಆಯಿಲ್ ಸಹಜ. ಬೆಣ್ಣೆಯಂಥ ಬಿಳಿ ಪದಾರ್ಥ ಮೆತ್ತಿದ್ದರೆ ಆಯಿಲ್‌ಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಹೊರಗೆ ಬಿದ್ದು ಮಳೆ ನೀರು ಇಳಿದಿರಬಹುದು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಪ್ಪುಗಾಳಿಯ ಊರು ನಮ್ಮದು. ಇನ್‌ಟೇಕ್, ಎಕ್ಸಾಸ್ಟ್ ತೂತುಗಳನ್ನು ಮುಚ್ಚದೆ ಒಂದು ಮಳೆಗಾಲ ಅಂಗಳದಲ್ಲಿಟ್ಟ ಎಂಜಿನ್‌ನಲ್ಲಿ ವಾಲ್ವ್‌ಗಳೂ ಸಿಲಿಂಡರ್ ಗೋಡೆಯೂ ತುಕ್ಕು ಹಿಡಿದು ರಿಂಗ್ ಅಂಟಿಕೊಂಡಿರುತ್ತದೆ. ತೂತಿಗೆ ಬಟ್ಟೆ ತುರುಕಿ, ಮಾಡಿನಡಿ, ಹಲಗೆಯ ಮೇಲೆ ಎತ್ತಿಟ್ಟಿರುವ ಅಂಗಡಿ ಕಂಡರೆ ನನಗೆ ಅರ್ಧ ನಂಬಿಕೆ ಅಲ್ಲೇ ಬರುತ್ತದೆ.

ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಪಾನ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಲು ಹೇಳಿ. ಕಂಪ್ರೆಷನ್ ಬಂದಾಗ ಬಿಗಿ, ಮತ್ತೆ ಸಡಿಲ – ಈ ಲಯ ಸಮವಾಗಿರಬೇಕು. ಎಲ್ಲೋ ಒಂದು ಕಡೆ ಸಿಕ್ಕಿಕೊಂಡರೆ, ಕರಕರ ಎಂದರೆ ಬೇಡ. ಸಾಧ್ಯವಾದರೆ ಆಯಿಲ್ ಚೇಂಬರ್ ಬಿಚ್ಚಿಸಿ ತಳದಲ್ಲಿ ಬೆರಳಾಡಿಸಿ ನೋಡಿ. ಮಿನುಗುವ ಲೋಹದ ಪುಡಿ ಬೆರಳಿಗೆ ಹತ್ತಿದರೆ ಬೇರಿಂಗ್ ಸವೆಯುತ್ತಿದೆ.

ನೆಲದ ಮೇಲಿಟ್ಟು ಬ್ಯಾಟರಿ ಕೊಟ್ಟು ಎರಡು ನಿಮಿಷ ಸ್ಟಾರ್ಟ್ ಮಾಡಿ ತೋರಿಸುವುದನ್ನು ಪೂರ್ತಿ ಪುರಾವೆ ಎಂದು ನಂಬಬೇಡಿ. ತಣ್ಣಗಿನ ಎಂಜಿನ್, ಭಾರವಿಲ್ಲ, ರೇಡಿಯೇಟರ್ ಇಲ್ಲ. ಗ್ಯಾಸ್ಕೆಟ್ ಸೋರುವುದು, ಆಯಿಲ್ ಪ್ರೆಷರ್ ಬೀಳುವುದು ಕಾದ ಮೇಲೆ. ಅದಕ್ಕಿಂತ ಕಂಪ್ರೆಷನ್ ಗೇಜ್ ಹಾಕಿಸಿ. ಸಿಲಿಂಡರ್‌ಗಳ ನಡುವೆ ಶೇ 10–15ಕ್ಕಿಂತ ಹೆಚ್ಚು ಅಂತರ ಇರಬಾರದು.

ಬಿಲ್ ಮತ್ತು ವಾರಂಟಿ

ಬಿಲ್ಲಿನಲ್ಲಿ ‘ಹಳೆ ಎಂಜಿನ್ – 1’ ಎಂದಿದ್ದರೆ ಅದು ಬಿಲ್ ಅಲ್ಲ. ಎಂಜಿನ್ ನಂಬರ್, ತೆಗೆದ ಗಾಡಿಯ ನಂಬರ್, ಜಿಎಸ್‌ಟಿ ನಂಬರ್ ಮೂರೂ ಇರಬೇಕು. ಕರ್ನಾಟಕದ ಜಿಎಸ್‌ಟಿ ನಂಬರ್ 29ರಿಂದ, ಕೇರಳದ್ದು 32ರಿಂದ, ತಮಿಳುನಾಡಿನದ್ದು 33ರಿಂದ ಶುರು. ಆ 15 ಅಂಕಿ–ಅಕ್ಷರಗಳನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ, ತಾಳೆ ನೋಡಿ. ಜೊತೆಗೆ ಹಳೆ ಗಾಡಿಯ ಆರ್‌ಸಿ ಪ್ರತಿ, ಹರಾಜಿನಲ್ಲಿ ಕೊಂಡದ್ದಾದರೆ ಆ ಕಾಗದದ ಪ್ರತಿ.

ವಾರಂಟಿಯ ತಿಂಗಳ ಲೆಕ್ಕಕ್ಕಿಂತ ಮಾತಿನ ಲೆಕ್ಕ ಮುಖ್ಯ. ಎಂಜಿನ್ ಕೆಟ್ಟರೆ ಹಣ ವಾಪಸ್ಸೋ, ಬೇರೆ ಎಂಜಿನ್ನೋ? ಇಳಿಸಿ ಏರಿಸುವ ಕೂಲಿ ಯಾರದ್ದು? ಬಹಳಷ್ಟು ಜಗಳ ಇಲ್ಲಿಯೇ ಆಗುವುದು: ಮಾರಿದವರು ‘ಫಿಟ್ಟಿಂಗ್ ಸರಿ ಇಲ್ಲ’ ಎನ್ನುತ್ತಾರೆ, ಗ್ಯಾರೇಜಿನವರು ‘ಮಾಲೇ ಸರಿ ಇಲ್ಲ’ ಎನ್ನುತ್ತಾರೆ. ಯಾವ ಗ್ಯಾರೇಜಿನಲ್ಲಿ ಕೂರಿಸುತ್ತೀರಿ ಎಂದು ಮೊದಲೇ ಹೇಳಿ, ಒಪ್ಪಿಗೆಯನ್ನು ಬಿಲ್ಲಿನ ಮೇಲೇ ಬರೆಸಿ. ಹಣವನ್ನು ಬ್ಯಾಂಕ್ ಖಾತೆಯಿಂದಲೇ ಕೊಡಿ.

ಹೊರರಾಜ್ಯದಿಂದ ತರಿಸಿ ಮೋಸವಾದರೂ ಕೈಚೆಲ್ಲಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಕೇಳಿ.

ಆರ್‌ಟಿಒ, ಬ್ಯಾಂಕ್, ವಿಮೆ

ಎಂಜಿನ್ ಬದಲಾದರೆ ಆರ್‌ಸಿಯಲ್ಲಿ ನಂಬರ್ ಬದಲಾಗಲೇಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದನ್ನು ಹೇಳುತ್ತದೆ. ಹಳೆಯದನ್ನು ಇಳಿಸುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಗೆ – ಕೆಎ 19 ಆದರೆ ಮಂಗಳೂರು, ಕೆಎ 20 ಆದರೆ ಉಡುಪಿ – ಹೋಗಿ ಅನುಮತಿ ಕೇಳಿ. ಬದಲಾವಣೆಯಾದ 14 ದಿನಗಳೊಳಗೆ ಆರ್‌ಸಿ ತಿದ್ದುಪಡಿಗೆ ಕೊಡಿ. ಅಲ್ಲಿ ಕೇಳುವುದೂ ಆ ಬಿಲ್ಲನ್ನೇ. ಗಾಡಿಗೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರ ಬೇಕು. ತಿದ್ದಿದ ಆರ್‌ಸಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿಯಲ್ಲೂ ಎಂಜಿನ್ ನಂಬರ್ ಬದಲಿಸಿ. ಇದನ್ನು ಬಿಟ್ಟವರು ಅಪಘಾತವಾದ ದಿನ, ಗಾಡಿ ಮಾರಲು ಹೊರಟ ದಿನ ಸಿಕ್ಕಿಬೀಳುತ್ತಾರೆ.

ಕೂರಿಸುವ ಮುನ್ನ

ಹಳೆ ಎಂಜಿನ್ ಯಾಕೆ ಹೋಯಿತು ಎಂದು ಪತ್ತೆಯಾಗದೆ ಹೊಸದನ್ನು ಏರಿಸಲು ಬಿಡಬೇಡಿ. ಕಸ ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್ ಹಾಗೇ ಇದ್ದರೆ ಇದೂ ಅದೇ ದಾರಿ ಹಿಡಿಯುತ್ತದೆ. ಎಂಜಿನ್ ಕೆಳಗಿರುವಾಗಲೇ ಟೈಮಿಂಗ್ ಬೆಲ್ಟ್ ಇರುವ ಮಾದರಿಯಾದರೆ ಬೆಲ್ಟ್, ವಾಟರ್ ಪಂಪ್, ಥರ್ಮೋಸ್ಟಾಟ್, ಹಿಂದೆ ಮುಂದಿನ ಆಯಿಲ್ ಸೀಲ್ ಹೊಸತು ಹಾಕಿಸಿ. ಕ್ಲಚ್ ಸವೆದಿದ್ದರೆ ಅದನ್ನೂ. ಮೊದಲ 1,000 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಿಸಿ, ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಿ. ಮಿನುಗು ಕಂಡರೆ ವಾರಂಟಿ ಮುಗಿಯುವವರೆಗೆ ಕಾಯದೆ ಅದೇ ದಿನ ಮಾರಿದವರಿಗೆ ಫೋಟೊ ಕಳಿಸಿ, ಗಾಡಿ ಓಡಿಸುವುದನ್ನು ನಿಲ್ಲಿಸಿ.